‘ನಾಟಿ’ ಎಂದರೆ ನಾಡಿನದೋ, ನೆಟ್ಟದ್ದೋ? ಕವಳಿ ಗಿಡದ ಫಲಕಕ್ಕೆ ಪದ ಬೇಕಾಗಿದೆ

ಬಳಗದ ಎಲ್ಲರಿಗೂ ನಮಸ್ಕಾರ.

ಕೈತೋಟದಲ್ಲಿ ಕವಳಿ ಬೆಳೆಸುವವರಿಗಾಗಿ ಒಂದು ಫಲಕವನ್ನೂ ಅದರ ಜೊತೆಗೆ ಹಂಚುವ ಕರಪತ್ರವನ್ನೂ ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಮುದ್ರಣಕ್ಕೆ ಕೊಡಬೇಕು. ಬೇಸಾಯದ ಭಾಗ ತೊಡಕಿಲ್ಲದೆ ಮುಗಿದಿದೆ: ಚೆನ್ನಾಗಿ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು, ಹಣ್ಣಿನಿಂದ ತೆಗೆದ ಬೀಜವು ಮೊಳೆಯುವ ಶಕ್ತಿಯನ್ನು ಬೇಗನೆ ಕಳೆದುಕೊಳ್ಳುವುದರಿಂದ ಕೂಡಲೇ ಬಿತ್ತಬೇಕು, ಎಳೆಯ ಗಿಡಕ್ಕೆ ಬೇಸಿಗೆಯಲ್ಲಿ ನೀರುಣಿಸಿ ಬೇರೂರಲು ಬಿಟ್ಟರೆ ಮುಂದೆ ಅದು ಬರವನ್ನು ತಾನೇ ತಾಳಿಕೊಳ್ಳುತ್ತದೆ.

ತೊಡಕಿರುವುದು ತಲೆಬರಹದಲ್ಲಿ. ಮೂಲದಲ್ಲಿ ‘ನೇಟಿವ್ ಬೆರಿ ಶ್ರಬ್’ ಎಂದಿದೆ. ನಾನು ‘ಸ್ಥಳೀಯ ಬೆರಿ ಪೊದೆಸಸ್ಯ’ ಎಂದು ಬರೆದಿದ್ದೆ. ಅದನ್ನು ಓದಿದ ಹಿರಿಯರೊಬ್ಬರು ‘ನಾಟಿ ಹಣ್ಣಿನ ಗಿಡ’ ಎಂದರೆ ಸಾಕು ಎಂದರು. ಆದರೆ ಸಸಿ ನೆಡುವುದಕ್ಕೂ ‘ನಾಟಿ’ ಎನ್ನುತ್ತೇವಲ್ಲ, ಕೈತೋಟದ ಫಲಕದ ಮೇಲೆ ಅದು ಗೊಂದಲಕ್ಕೆ ಎಡೆಮಾಡುವುದಿಲ್ಲವೇ? ಬಲ್ಲವರು ಇಂದೇ ತಿಳಿಸಿದರೆ ಉಪಕಾರವಾಗುತ್ತದೆ.

* * *

> ‘ನಾಟಿ ಹಣ್ಣಿನ ಗಿಡ’ ಎಂದರೆ ಸಾಕು ಎಂದರು

ಸಾಲದು. ‘ನಾಟಿ’ ಎಂಬುದು ಇಂಗ್ಲಿಷಿನ ‘ನೇಟಿವ್’ ಬಾಯಿಂದ ಬಾಯಿಗೆ ಸವೆದು ಆದ ರೂಪ. ಪರದೇಶದ ಮಾತನ್ನು ಹಿಡಿದು ನಮ್ಮ ನೆಲದ ಗಿಡವನ್ನು ನಮ್ಮದೆಂದು ಸಾರುವುದು ಸಲ್ಲದು. ‘ಬೆರಿ’ಯ ವಿಷಯದಲ್ಲಿಯೂ ಇದೇ ಮಾತು. ‘ಪೊದೆಸಸ್ಯ’ವೆಂಬುದು ಅರ್ಧ ಕನ್ನಡ, ಅರ್ಧ ಸಂಸ್ಕೃತ. ‘ಗುಲ್ಮ’ ಎಂಬ ಶಾಸ್ತ್ರೀಯ ಪದ ಇರುವಾಗ ಈ ಪರದಾಟ ಏಕೆ? ‘ದೇಶೀಯ ಫಲಗುಲ್ಮ’ ಎಂದು ಬರೆಯಿರಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

* * *

> ‘ನಾಟಿ’ ಎಂಬುದು ಇಂಗ್ಲಿಷಿನ ‘ನೇಟಿವ್’

ಮಾನ್ಯರೇ, ಎರಡು ಪದಗಳ ಉಚ್ಚಾರಣೆ ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಒಂದನ್ನು ಇನ್ನೊಂದರ ಮಗುವೆಂದು ಹೇಳುವುದನ್ನು ದಯವಿಟ್ಟು ನಿಲ್ಲಿಸಿ. ತಮಿಳಿನಲ್ಲಿ ‘ನಾಡು’ ಸಮಾಸದ ಪೂರ್ವಪದವಾದಾಗ ‘ನಾಟ್ಟು’ ಆಗುತ್ತದೆ. ಅವರ ‘ನಾಟ್ಟುಕ್ಕೋಳಿ’ಯೇ ನಮ್ಮ ನಾಟಿ ಕೋಳಿ. ಕರಾವಳಿಯ ಕನ್ನಡದಲ್ಲಿ ಕಾಡಿನ ಮಾವು ‘ಕಾಟುಮಾವು’ ಆಗಿರುವುದನ್ನು ಗಮನಿಸಿ: ಕಾಡಿಗೆ ಕಾಟು ಹೇಗೋ ನಾಡಿಗೆ ನಾಟಿ ಹಾಗೆ. ಬೇರು ನಾರುಗಳಿಂದ ಮದ್ದು ಕೊಡುವವರನ್ನು ಹಳ್ಳಿಯ ಜನ ‘ನಾಟಿ ವೈದ್ಯ’ರೆಂದು ಕರೆದದ್ದು ಇಂಗ್ಲಿಷ್ ಕಲಿತ ಮೇಲಲ್ಲ. ಪ್ರಶ್ನೆ ಕೇಳಿದವರು ಹೇಳುವ ಇನ್ನೊಂದು ‘ನಾಟಿ’ ಬೇರೆಯೇ ಪದ. ಅದು ನೆಡು, ನಾಟು ಎಂಬ ಕ್ರಿಯಾಪದಗಳ ಬಳಗದ್ದು, ಬಾಣ ನಾಟಿತು ಎನ್ನುವಾಗ ಇರುವಂಥದ್ದು. ಎರಡೂ ಒಂದೇ ಆಕಾರಕ್ಕೆ ಬಂದು ನಿಂತಿವೆ.

ಇನ್ನು ‘ಗುಲ್ಮ’. ಆಯುರ್ವೇದದಲ್ಲಿ ಅದು ಹೊಟ್ಟೆಯೊಳಗೆ ಗಡ್ಡೆಯಂತೆ ಕಾಣಿಸಿಕೊಳ್ಳುವ ರೋಗದ ಹೆಸರು, ಹಳೆಯ ಯುದ್ಧವರ್ಣನೆಗಳಲ್ಲಿ ಸೇನೆಯ ಒಂದು ತುಕಡಿ. ಹಿತ್ತಲ ಬೇಲಿಗೆ ಅದನ್ನು ತಗಲಿಸಬೇಡಿ. ನನ್ನ ದೃಢವಾದ ಅಭಿಪ್ರಾಯವೆಂದರೆ ಸರಿಯಾದ ಪದ ‘ಪೊದೆ’ಯೂ ಅಲ್ಲ, ‘ಹೊದರು’. ‘ಪಾಲ್’ ಹಾಲಾಯಿತು, ‘ಪೂ’ ಹೂವಾಯಿತು, ‘ಪೊದರ್’ ಹೊದರಾಯಿತು. ಹೊಸಗನ್ನಡದಲ್ಲಿ ಬರೆಯುತ್ತಾ ಈ ಒಂದು ಪದಕ್ಕೆ ಮಾತ್ರ ಹಳಗನ್ನಡದ ಪಕಾರವನ್ನು ಉಳಿಸಿಕೊಳ್ಳುವುದಕ್ಕೆ ಕಾರಣವೇ ಇಲ್ಲ.

* * *

‘ಹೊದರು’ ಎಂದರೆ ಇಂದು ದಾರಿಹೋಕರಿಗೆ ತಿಳಿಯದು. ಫಲಕವಿರುವುದು ಅವರಿಗಾಗಿ.

‘ನಾಟಿ’ ಎಂಬುದು ದಕ್ಷಿಣದವರ ಮಾತು ಎಂಬುದನ್ನು ಇಲ್ಲಿ ಯಾರೂ ನೆನೆಯಲಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಅದಕ್ಕೆ ‘ಜವಾರಿ’ ಎನ್ನುತ್ತೇವೆ: ಜವಾರಿ ಕೋಳಿ, ಜವಾರಿ ಸೌತೆ, ಜವಾರಿ ಬೀಜ. ‘ಬೆರಿ’ ಬೇಡವೆನ್ನುವವರು ಸ್ಟ್ರಾಬೆರಿಗೆ ಯಾವ ಹೆಸರನ್ನು ಕೊಟ್ಟಿದ್ದಾರೆ ಎಂಬುದನ್ನೂ ತಿಳಿಸಬೇಕು. ಬಂದ ಪದಗಳನ್ನೆಲ್ಲ ಹೊರಗಟ್ಟುತ್ತಾ ಹೋದರೆ ಕನ್ನಡದಲ್ಲಿ ಮೇಜು, ಕುರ್ಚಿ ಉಳಿಯುವುದಿಲ್ಲ.

* * *

> ಸ್ಟ್ರಾಬೆರಿಗೆ ಯಾವ ಹೆಸರನ್ನು ಕೊಟ್ಟಿದ್ದಾರೆ

ಕೊಡಬೇಕಾಗಿಲ್ಲ. ವಸ್ತು ಹೊರಗಿನಿಂದ ಬಂದಾಗ ಹೆಸರೂ ಜೊತೆಗೆ ಬರುವುದು ಸಹಜ. ಅನಾನಸ್ ಹಾಗೆಯೇ ಬಂತು. ಅಮೆರಿಕ ಖಂಡದಿಂದ ಬಂದ ಖಾರದ ಕಾಯಿಗೆ ಮಾತ್ರ ಕನ್ನಡಿಗರು ಹೊರಗಿನ ಹೆಸರನ್ನು ಎತ್ತಿಕೊಳ್ಳದೆ, ತಮಗೆ ಗೊತ್ತಿದ್ದ ಮೆಣಸನ್ನೇ ಮುಂದಿಟ್ಟು ‘ಮೆಣಸಿನಕಾಯಿ’ ಎಂದರು. ಎರಡೂ ದಾರಿಗಳು ನಮ್ಮವೇ. ಆದರೆ ಇಲ್ಲಿಯ ಕುರುಚಲು ಕಾಡುಗಳಲ್ಲಿಯೇ ಹುಟ್ಟಿ ಬೆಳೆದ ಕವಳಿಗೆ ‘ಬೆರಿ’ ಎಂಬ ಹೆಸರಿನ ಹಂಗು ಏಕೆ ಬೇಕು? ಸಸ್ಯಶಾಸ್ತ್ರದ ಪ್ರಕಾರ ಕವಳಿ ಹಣ್ಣು ಬೆರಿಯೇ ಹೌದು, ಆದರೆ ಅದೇ ಶಾಸ್ತ್ರದ ಪ್ರಕಾರ ಟೊಮೆಟೊ ಮತ್ತು ಬದನೆಗಳೂ ಬೆರಿಗಳು, ಸ್ಟ್ರಾಬೆರಿ ಬೆರಿಯಲ್ಲ. ಇಂಥ ಪದದಿಂದ ಫಲಕ ಓದುವವರಿಗೆ ಏನೂ ತಿಳಿಯುವುದಿಲ್ಲ. ಎಳೆಯದಾಗಿದ್ದಾಗ ಉಪ್ಪಿನಕಾಯಿಗೆ ಬರುವುದು ಕವಳಿಕಾಯಿ, ಕಪ್ಪಾಗಿ ಕಳಿತಾಗ ಬಾಯಿಗೆ ಬರುವುದು ಕವಳಿ ಹಣ್ಣು. ಕನ್ನಡಕ್ಕೆ ಬೇಕಾದ ಭೇದ ಇದೇ, ಮತ್ತು ಅದು ಈಗಾಗಲೇ ನಮ್ಮಲ್ಲಿದೆ.

‘ನಾಟಿ’ಯ ವ್ಯುತ್ಪತ್ತಿಯನ್ನು ಮೇಲೆ ಬರೆದವರ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಒಪ್ಪಿಯೂ ಆ ಪದ ಇಲ್ಲಿ ಬೇಡವೆನ್ನುತ್ತೇನೆ, ‘ಜವಾರಿ’ಯೂ ಬೇಡ. ಮನುಷ್ಯರು ಸಾಕಿದ, ಬಿತ್ತಿ ಉಳಿಸಿಕೊಂಡ ತಳಿಗಳಿಗೆ ಈ ಎರಡು ಪದಗಳು ಸಲ್ಲುತ್ತವೆ. ಅವುಗಳ ಎದುರು ನಿಲ್ಲುವುದು ಸೀಮೆ, ಫಾರಂ, ಹೈಬ್ರಿಡ್ ಎಂಬ ಪದಗಳು. ನಾಟಿ ಕೋಳಿ ಉಂಟು, ನಾಟಿ ನವಿಲು ಎಂದು ಯಾರೂ ಹೇಳುವುದಿಲ್ಲ. ಈ ಫಲಕ ಹೇಳಬೇಕಾದದ್ದು ತಳಿಯ ಮಾತನ್ನಲ್ಲ, ಗಿಡದ ಮೂಲನೆಲೆಯ ಮಾತನ್ನು. ಹೊರದೇಶದಿಂದ ಬಂದ ಲಂಟಾನವೂ ಹಣ್ಣು ಬಿಡುವ ಪೊದೆ. ಅದರ ಹಣ್ಣನ್ನೂ ಹಕ್ಕಿಗಳು ತಿಂದು ಬೀಜ ಹರಡುತ್ತವೆ. ಅದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನ ನೆಲವನ್ನು ಎಷ್ಟು ಆವರಿಸಿಕೊಂಡಿದೆ ಎಂಬುದನ್ನು ಕಂಡವರಿಗೆ ಈ ಭೇದ ಏಕೆ ಮುಖ್ಯವೆಂದು ವಿವರಿಸಬೇಕಾಗಿಲ್ಲ. ‘ಸ್ಥಳೀಯ’ ಎಂಬ ಪದ ಈ ಭೇದವನ್ನು ಹೇಳಲಾರದು, ಏಕೆಂದರೆ ಊರ ಅಂಚಿನಲ್ಲೆಲ್ಲ ಸಿಗುವ ಲಂಟಾನವೂ ಕೇಳುವವರ ಕಿವಿಗೆ ಸ್ಥಳೀಯವೇ. ಆದ್ದರಿಂದ ‘ನಮ್ಮ ಕಾಡಿನ’ ಎಂದು ಬಿಡಿಸಿಯೇ ಹೇಳಿ. ‘ಪೊದೆ’ ಇರಲಿ, ‘ಸಸ್ಯ’ವನ್ನು ತೆಗೆಯಿರಿ.

* * *

ಎಲ್ಲರಿಗೂ ವಂದನೆಗಳು. ‘ಕವಳಿ: ನಮ್ಮ ಕುರುಚಲು ಕಾಡಿನ ಹಣ್ಣಿನ ಪೊದೆ’ ಎಂದು ತಿದ್ದಿದ್ದೇನೆ. ತುಳುನಾಡಿನವರಿಗಾಗಿ ‘ಕರಂಡೆ’ ಎಂಬ ಹೆಸರನ್ನು ಪಕ್ಕದಲ್ಲಿಯೇ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿಸುತ್ತೇನೆ. ಮುಳ್ಳು ಗಟ್ಟಿಯಾಗಿರುವುದರಿಂದ ಓಡಾಡುವ ದಾರಿಗೆ ತಾಗಿ ನೆಡದೆ ಬೇಲಿಯ ಸಾಲಿನಲ್ಲಿ ನೆಡಬೇಕೆಂಬ ಸೂಚನೆ ಅದರ ಕೆಳಗೆ ಬರುತ್ತದೆ. ಅಲ್ಲಿ ‘ನಾಟಿ ಮಾಡಿ’ ಎಂದಿದ್ದುದನ್ನು ‘ನೆಡಿ’ ಎಂದು ಬದಲಿಸಿದ್ದೇನೆ.