ಪದಚರ್ಚೆ: ಹೊಡೆದಾಟದ ಸಿನಿಮಾ ಸರಿ, ‘ಡ್ರಾಮಾ’ ಸಿನಿಮಾಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾನು ಭಾಷಾಶಾಸ್ತ್ರ ಓದಿದವನಲ್ಲ. ತಿಂಗಳಿಗೆ ಒಂದೋ ಎರಡೋ ಸಿನಿಮಾ ನೋಡುವವನು. ನೋಡಿ ಬಂದ ಮೇಲೆ ಮನೆಯಲ್ಲಿ ಅದರ ಬಗ್ಗೆ ಮಾತಾಡದಿದ್ದರೆ ನನಗೆ ಸಮಾಧಾನ ಇಲ್ಲ. ಈಚೆಗೆ ಹಾಗೆ ಮಾತಾಡುವಾಗ ಒಂದು ಪದ ಸಿಗದೆ ನಿಂತುಬಿಟ್ಟೆ. ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಅಮ್ಮ ಸಂಜೆ ಹೊತ್ತು ಟಿವಿಯಲ್ಲಿ ಯಾವುದಾದರೂ ಸಿನಿಮಾ ಹಾಕಿಕೊಡು ಅಂದಳು. ‘ಸಪ್ತ ಸಾಗರದಾಚೆ ಎಲ್ಲೋ’ ಹಾಕುತ್ತೇನೆ ಅಂದೆ.

‘ಎಂಥಾ ಸಿನಿಮಾನೋ ಅದು? ಹೊಡೆದಾಟದ್ದಾ?’

‘ಇಲ್ಲಮ್ಮ, ಡ್ರಾಮಾ.’

‘ಡ್ರಾಮಾನಾ? ಕುರುಕ್ಷೇತ್ರದ ಥರದ್ದಾ?’

ನಮ್ಮದು ತುಮಕೂರು ಕಡೆ. ಅಲ್ಲಿ ಡ್ರಾಮಾ ಅಂದರೆ ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆಗೆ ತಂದ ಸೀನರಿ, ಬೆಳಗಿನ ಜಾವದವರೆಗೂ ದುರ್ಯೋಧನ, ಶಕುನಿ, ಕೃಷ್ಣ. ಅಮ್ಮ ಕೇಳಿದ್ದರಲ್ಲಿ ಏನೂ ತಪ್ಪಿಲ್ಲ. ನಾನು ಆ ಪದ ಬಳಸಿದ್ದೇ ಸರಿಯಿರಲಿಲ್ಲ. ಕನ್ನಡದಲ್ಲಿ ‘ಡ್ರಾಮಾ’ ಬಹಳ ಹಿಂದೆಯೇ ಬಂದು ನಾಟಕದ ಜಾಗದಲ್ಲಿ ಕೂತಿದೆ. ಇನ್ನೊಂದು ಅರ್ಥವೂ ಇದೆ: ‘ಸುಮ್ನೆ ಡ್ರಾಮಾ ಮಾಡ್ಬೇಡ.’ ಅಂದರೆ ಸೋಗು. ಈ ಎರಡರಲ್ಲಿ ಯಾವುದೂ ಸಿನಿಮಾ ಆ್ಯಪ್‌ಗಳು ಹಾಕುವ ‘ಡ್ರಾಮಾ’ ಅನ್ನುವ ಚೀಟಿಗೆ ಹೊಂದುವುದಿಲ್ಲ, ಅಲ್ವಾ?

ಅದರ ಪಕ್ಕದಲ್ಲೇ ಇರುವ ‘ಆಕ್ಷನ್’ ನೋಡಿ. ಅದಕ್ಕೆ ನಮ್ಮಲ್ಲಿ ಪದ ಬೇಕಾದಷ್ಟಿವೆ. ಫೈಟು, ಫೈಟಿಂಗು, ಹೊಡೆದಾಟ, ಬಡಿದಾಟ, ಹೊಡಿ ಬಡಿ. ಸಿನಿಮಾದವರು ತೆರೆ ಮೇಲೆ ಹಾಕುವುದು ಮಾತ್ರ ‘ಸಾಹಸ’. ಹೊಡೆದಾಟ ಮಾಡಿಸಿದವರ ಹೆಸರು ಆ ಪದದ ಜೊತೆ ಬರುತ್ತದೆ. ಈ ಪದದ ದಾರಿ ನನಗೆ ತುಂಬಾ ಇಷ್ಟ. ಸಂಸ್ಕೃತದ ಧರ್ಮಶಾಸ್ತ್ರಗಳಲ್ಲಿ ಸಾಹಸ ಅಂದರೆ ಅಪರಾಧ, ಬಲವಂತದಿಂದ ಮಾಡಿದ ಸುಲಿಗೆ, ಹಲ್ಲೆ ಇಂಥವು. ಕನ್ನಡಕ್ಕೆ ಬಂದಾಗ ಅದಕ್ಕೆ ವೀರನ ಮುಖ ಬಂತು. ಹತ್ತನೇ ಶತಮಾನದ ರನ್ನನ ಗದಾಯುದ್ಧಕ್ಕೆ ‘ಸಾಹಸಭೀಮವಿಜಯ’ ಅಂತಲೂ ಹೆಸರಿದೆ. ಅಲ್ಲಿಂದ 1982ರ ‘ಸಾಹಸ ಸಿಂಹ’ ಸಿನಿಮಾಕ್ಕೆ ಬನ್ನಿ. ವಿಷ್ಣುವರ್ಧನ್ ಅವರಿಗೆ ಆ ಬಿರುದು ಕೊನೆವರೆಗೂ ಉಳಿಯಿತು. ಸಾವಿರ ವರ್ಷ ಒಂದು ಪದ ಹೀಗೆ ಗದೆ ಹಿಡಿದವನ ಜೊತೆಗೇ ನಡೆದು ಬಂದಿದೆ.

ಆದರೆ ‘ನಿನ್ನೆ ಒಂದು ಸಾಹಸದ ಸಿನಿಮಾ ನೋಡಿದೆ’ ಅಂತ ಯಾರೂ ಹೇಳುವುದನ್ನು ನಾನು ಕೇಳಿಲ್ಲ. ಬಾಯಲ್ಲಿ ಓಡುವುದು ಹೊಡೆದಾಟವೇ. ಇಲ್ಲಿ ಒಂದು ವಿಷಯ ನನ್ನನ್ನು ಕಾಡುತ್ತಿದೆ. ಹೊಡೆದಾಟ, ಬಡಿದಾಟ, ಗುದ್ದಾಟ, ಕಿತ್ತಾಟ. ಇವುಗಳ ಕೊನೆಯ ‘ಆಟ’ಕ್ಕೆ ಇಬ್ಬರು ಬೇಕು. ನೀನು ಹೊಡೆಯಬೇಕು, ನಾನೂ ಹೊಡೆಯಬೇಕು. ಈಗಿನ ಸಿನಿಮಾಗಳಲ್ಲಿ ಹಾಗಿದೆಯಾ?

2022ರಲ್ಲಿ ಬಂದ ಕೆಜಿಎಫ್ ಎರಡನೇ ಭಾಗ ನೆನಪು ಮಾಡಿಕೊಳ್ಳಿ. ಒಂದು ದೊಡ್ಡ ಮೆಷಿನ್ ಗನ್. ಅದರ ಹೆಸರು ದೊಡ್ಡಮ್ಮ. ರಾಕಿ ಅದನ್ನು ತಿರುಗಿಸಿ ಪೊಲೀಸ್ ಠಾಣೆಯನ್ನೇ ಚಿಂದಿ ಮಾಡುತ್ತಾನೆ. ಆಮೇಲೆ ಕಾದು ಕೆಂಪಾದ ನಳಿಕೆಯಲ್ಲಿ ಸಿಗರೇಟು ಹಚ್ಚಿಕೊಳ್ಳುತ್ತಾನೆ. ಥಿಯೇಟರಿನಲ್ಲಿ ನಾನೂ ಶಿಳ್ಳೆ ಹೊಡೆದೆ, ಸುಳ್ಳು ಯಾಕೆ ಹೇಳಲಿ. ಆ ದೃಶ್ಯ ನನಗೆ ಇವತ್ತಿಗೂ ಇಷ್ಟ. ಆದರೆ ಅದು ಹೊಡೆದಾಟ ಅಲ್ಲ. ಎದುರಿನಿಂದ ಏಟೇ ಬರುವುದಿಲ್ಲ. ಅದು ಬರೀ ಹೊಡೆತ. ‘ಹೊಡಿ ಬಡಿ ಸಿನಿಮಾ’ ಅನ್ನುವ ಮಾತು ಇಂಥದ್ದಕ್ಕೆ ಸರಿಯಾಗಿ ಹೊಂದುತ್ತದೆ. ಹೊಡಿ, ಬಡಿ ಎರಡೂ ಆಜ್ಞೆ. ಕೊಡುವವನು ಒಬ್ಬನೇ.

2024ರ ಕೊನೆಗೆ ಬಂದ ‘ಮ್ಯಾಕ್ಸ್’ ಬೇರೆ ಥರ. ಒಂದೇ ರಾತ್ರಿಯ ಕಥೆ. ಮಂತ್ರಿಗಳ ಮಕ್ಕಳು ಠಾಣೆಯೊಳಗೆ ಸತ್ತಿದ್ದಾರೆ. ಬೆಳಗಾಗುವವರೆಗೆ ಅದು ಹೊರಗೆ ಗೊತ್ತಾಗಬಾರದು. ಸುದೀಪ್ ಎಷ್ಟು ಹೊಡೆದರೂ ಇನ್ನೊಂದು ಕಡೆಯಿಂದ ಇನ್ನೊಬ್ಬ ಬರುತ್ತಾನೆ. ಮುಂದೇನು ಅನ್ನುವ ಭಯ ಉಳಿಯುತ್ತದೆ. ಇದನ್ನು ಧಾರಾಳವಾಗಿ ಹೊಡೆದಾಟದ ಸಿನಿಮಾ ಅನ್ನಬಹುದು. ನನ್ನ ಮಟ್ಟಿಗೆ ಹೊಡೆದಾಟ ಮತ್ತು ಹೊಡಿ ಬಡಿ ಎರಡು ಬೇರೆ ಬೇರೆ ಜಾತಿ. ಕನ್ನಡದಲ್ಲಿ ಈ ವ್ಯತ್ಯಾಸ ಆಗಲೇ ಇದೆ. ‘ಆಕ್ಷನ್’ ಅಂದುಬಿಟ್ಟರೆ ಅದು ಅಳಿಸಿಹೋಗುತ್ತದೆ.

ಇನ್ನು ‘ಡ್ರಾಮಾ’. ಹಿಂದೆ ಏನನ್ನುತ್ತಿದ್ದರು? ಪೌರಾಣಿಕ, ಐತಿಹಾಸಿಕ, ಜಾನಪದ, ಸಾಮಾಜಿಕ. ಕಂಪನಿ ನಾಟಕಗಳ ವಿಂಗಡಣೆಯೇ ಸಿನಿಮಾಕ್ಕೂ ಬಂತು. 1936ರ ‘ಸಂಸಾರ ನೌಕ’ವನ್ನು ಕನ್ನಡದ ಮೊದಲ ಸಾಮಾಜಿಕ ಚಿತ್ರ ಅಂತ ಗುರುತಿಸುತ್ತಾರೆ. ಆಗ ಸಾಮಾಜಿಕ ಅಂದರೆ ದೇವರು, ರಾಜರ ಕಥೆ ಅಲ್ಲ, ನಮ್ಮಂಥವರ ಕಥೆ ಅಂತ ಅರ್ಥ. ಈಗ ಸಾಮಾಜಿಕ ಅಂದರೆ ಸಂದೇಶ ಕೊಡುವ ಸಿನಿಮಾ ಇರಬೇಕು ಅಂದುಕೊಳ್ಳುತ್ತಾರೆ. ‘ಕೌಟುಂಬಿಕ’ ಅಂದರೆ ಮನೆಮಂದಿಯೆಲ್ಲ ಕೂತು ನೋಡಬಹುದಾದದ್ದು. ‘ಸೆಂಟಿಮೆಂಟ್ ಸಿನಿಮಾ’ ಅಂದರೆ ತಾಯಿ, ತಂಗಿ, ಕಣ್ಣೀರು. ‘ನಾಟಕೀಯ’ ಅಂದರೆ ಅತಿಯಾಯಿತು ಅಂತ ದೂರು. ಒಂದೂ ಸರಿಬರುವುದಿಲ್ಲ.

ಅಮ್ಮ ಎರಡು ಸಂಜೆಗಳಲ್ಲಿ ಆ ಸಿನಿಮಾದ ಮೊದಲ ಭಾಗ ನೋಡಿದಳು. ಯಜಮಾನನ ಮಗ ಮಾಡಿದ ತಪ್ಪನ್ನು ದುಡ್ಡಿನ ಆಸೆಗೆ ಮೈಮೇಲೆ ಹಾಕಿಕೊಂಡು ಜೈಲಿಗೆ ಹೋಗುವ ಮನು, ಹೊರಗೆ ಕಾಯುವ ಪ್ರಿಯಾ. ಇನ್ನೇನು ಬಿಡುಗಡೆ ಅನ್ನುವಷ್ಟರಲ್ಲಿ ಅದು ಮತ್ತೆ ದೂರ ಹೋಗುತ್ತದೆ. ನನ್ನ ಪ್ರಕಾರ ಈಚಿನ ಕನ್ನಡ ಸಿನಿಮಾಗಳಲ್ಲಿ ಅದಕ್ಕೆ ಸಮ ಇನ್ನೊಂದಿಲ್ಲ. ಎರಡನೇ ಭಾಗ ಸ್ವಲ್ಪ ಎಳೆದ ಹಾಗೆ ಅನಿಸಿತು, ಅದು ಬೇರೆ ಮಾತು. ಮಾರನೇ ದಿನ ಅಮ್ಮ ನಮ್ಮ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಳು:

‘ಹೊಡೆದಾಟ ಏನಿಲ್ಲ ಕಣೇ. ಒದ್ದಾಟದ ಸಿನಿಮಾ. ಪಾಪ, ಇಬ್ರೂ ಒದ್ದಾಡ್ತಾರೆ.’

ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿಸಿಕೊಂಡೆ. ಒದ್ದಾಟ! ಇದರ ಬೇರು ನೋಡಿ: ಒದೆ, ಒದ್ದು, ಒದ್ದಾಡು. ಮೂಲದಲ್ಲಿ ಇದೂ ಹೊಡೆದಾಟದ ಮನೆಯ ಪದವೇ. ಆದರೆ ಹೊಡೆದಾಡುವವನ ಎದುರು ಇನ್ನೊಬ್ಬ ಇರುತ್ತಾನೆ. ಒದ್ದಾಡುವವನ ಎದುರು ಯಾರೂ ಇರುವುದಿಲ್ಲ. ನೋವಿಗೆ ಕೈಕಾಲು ಬಡಿಯುತ್ತಾನೆ, ಏಟು ಗಾಳಿಗೆ ಬೀಳುತ್ತದೆ. ಇಲ್ಲಿನ ‘ಆಟ’ ಇಬ್ಬರದ್ದಲ್ಲ. ಮತ್ತೆ ಮತ್ತೆ ಆಗುವುದು ಅನ್ನುವ ಅರ್ಥದ್ದು. ನರಳಾಟ, ಪರದಾಟ, ತೊಳಲಾಟ, ಅಲೆದಾಟ ಎಲ್ಲ ಇದೇ ಸಾಲಿಗೆ ಸೇರುತ್ತವೆ. ಒಂದೇ ‘ಆಟ’ ಒಂದು ಕಡೆ ಆಕ್ಷನ್ ಸಿನಿಮಾ ಮಾಡಿತು, ಇನ್ನೊಂದು ಕಡೆ ಡ್ರಾಮಾ ಸಿನಿಮಾ ಮಾಡಿತು. ಟೆಂಟಿನ ಕಾಲದಲ್ಲಿ ಸಿನಿಮಾ ತೋರಿಸುವುದಕ್ಕೂ ‘ಮೊದಲನೇ ಆಟ, ಎರಡನೇ ಆಟ’ ಅನ್ನುತ್ತಿದ್ದರು. ಕರಾವಳಿಯಲ್ಲಿ ಆಟ ಅಂದರೆ ಯಕ್ಷಗಾನ. ಎಷ್ಟು ದುಡಿಯುವ ಪದ ಇದು!

ಇದನ್ನು ಬೇರೆ ಸಿನಿಮಾಗಳಿಗೆ ಹಾಕಿ ನೋಡಿದೆ. 2021ರ ‘ಗರುಡ ಗಮನ ವೃಷಭ ವಾಹನ’ಕ್ಕೆ ಎರಡೂ ಪದ ಬೇಕು. ಶಿವ ಕೊಲ್ಲುವಾಗ ಹೊಡೆತ, ಹರಿ ಜೊತೆಗಿನ ಗೆಳೆತನ ಮುರಿಯುವಾಗ ಒದ್ದಾಟ. ಸರಿಯಾಗಿ ಕೂತಿತು. ‘777 ಚಾರ್ಲಿ’ಗೆ ಬಂದಾಗ ಅನುಮಾನ ಶುರುವಾಯಿತು. ಕಾಯಿಲೆ ಬಿದ್ದ ನಾಯಿಗೆ ಹಿಮ ತೋರಿಸಲು ಧರ್ಮ ಹೊರಡುತ್ತಾನೆ. ಸಂಕಟ ಇದೆ, ನಿಜ. ಆದರೆ ಅದಕ್ಕಿಂತ ಜಾಸ್ತಿ ಪ್ರೀತಿ ಇದೆ, ನಗು ಇದೆ. ಅದನ್ನು ‘ಒದ್ದಾಟದ ಸಿನಿಮಾ’ ಅಂದರೆ ಅರ್ಧ ಮಾತ್ರ ಹೇಳಿದ ಹಾಗೆ. ‘ತಾಕಲಾಟ’ ಅನ್ನೋಣವೆಂದರೆ ಅಲ್ಲಿ ತಾಕುವುದಕ್ಕೆ ಎದುರಾಳಿಯೇ ಇಲ್ಲ. ಇಂಥ ಸಿನಿಮಾಕ್ಕೆ ನಮ್ಮೂರಲ್ಲಿ ‘ಕಥೆ ಇರೋ ಸಿನಿಮಾ’ ಅನ್ನುತ್ತಾರೆ. ಆ ಮಾತೂ ಚೆನ್ನಾಗಿದೆ. ಆದರೆ ಹೊಡೆದಾಟದ ಸಿನಿಮಾದಲ್ಲಿ ಕಥೆ ಇಲ್ಲ ಅಂದ ಹಾಗಾಗುತ್ತದೆ, ಅದು ನ್ಯಾಯ ಅಲ್ಲ.

ನನ್ನ ಪ್ರಶ್ನೆಗಳು ಇಷ್ಟು. ಒದ್ದಾಟ ಅನ್ನುವ ಪದವನ್ನು ಸಿನಿಮಾದ ಬಗ್ಗೆ ಹೀಗೆ ಬಳಸುವುದನ್ನು ನೀವು ಬೇರೆ ಕಡೆ ಕೇಳಿದ್ದೀರಾ, ಅಥವಾ ಇದು ನಮ್ಮ ಅಮ್ಮನದ್ದೇ ಮಾತಾ? ಧಾರವಾಡ, ಕಲಬುರಗಿ ಕಡೆಯವರು, ಮಂಗಳೂರು, ಕುಂದಾಪುರ ಕಡೆಯವರು ಇಂಥ ಸಿನಿಮಾ ನೋಡಿ ಬಂದು ಮನೆಯಲ್ಲಿ ಏನಂತ ಹೇಳುತ್ತೀರಿ? ಪುಸ್ತಕದ ಪದ ಬೇಡ, ಬಾಯಲ್ಲಿ ಬರುವ ಪದವೇ ಬೇಕು. ಮುಖ್ಯವಾಗಿ ಚಾರ್ಲಿಯಂಥ ಸಿನಿಮಾಕ್ಕೆ. ಅಮ್ಮನಿಗೆ ಮುಂದಿನ ವಾರ ಅದನ್ನೇ ತೋರಿಸಬೇಕು ಅಂತಿದ್ದೇನೆ. ಎಂಥಾ ಸಿನಿಮಾನೋ ಅಂತ ಖಂಡಿತ ಕೇಳುತ್ತಾಳೆ.