ಬ್ಲಡ್ ಗ್ರೂಪ್ ಒಂದೇ ಇದ್ದರೂ ಕಿಡ್ನಿ ಬೇಡ ಅಂದರು: ಡಾಕ್ಟರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಕಿಡ್ನಿ ಕಸಿ ತಂಡದಲ್ಲಿ ಕೆಲಸ ಮಾಡುವ ನಮ್ಮ ಕೊಡಗಿನ ಡಾಕ್ಟರ್ ಮೇಡಂ ಈ ಸಂಜೆ ಗುಂಪಿನಲ್ಲಿದ್ದಾರೆ. ವಿಷಯ ಎಚ್‌ಎಲ್‌ಎ ಟೆಸ್ಟ್, ಅಂದರೆ ಕೋಶಗಳ ಮೇಲಿರುವ ಗುರುತಿನ ಪ್ರೋಟೀನ್ ಹೊಂದುತ್ತದಾ ಅಂತ ನೋಡುವ ಪರೀಕ್ಷೆ. ಹೆಸರು ಬೇಡ, ಊರು ಹಾಕಿ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ನಾಪೋಕ್ಲು: ನಮಸ್ಕಾರ ಮೇಡಂ. ನನ್ನ ಹೆಂಡತಿಗೆ 44 ವರ್ಷ. ಎಂಟು ತಿಂಗಳಿಂದ ಡಯಾಲಿಸಿಸ್. ವಾರಕ್ಕೆ ಮೂರು ಸಲ ಮಡಿಕೇರಿಗೆ ಹೋಗಿ ಬರುತ್ತೇವೆ. ಕಿಡ್ನಿ ಕೊಡಲು ನಾನು ತಯಾರಿದ್ದೇನೆ. ಇಬ್ಬರದೂ ಓ ಪಾಸಿಟಿವ್. ಆದರೂ ‘ಕ್ರಾಸ್‌ಮ್ಯಾಚ್ ಪಾಸಿಟಿವ್, ನಿಮ್ಮದು ಬೇಡ’ ಅಂದರು. ನನ್ನಲ್ಲಿ ಏನು ದೋಷ? 21 ವರ್ಷದ ಮಗ ನಾನು ಕೊಡುತ್ತೇನೆ ಅನ್ನುತ್ತಿದ್ದಾನೆ.

ಡಾಕ್ಟರ್: ದೋಷ ಏನೂ ಇಲ್ಲ ಅಣ್ಣ. ಮೊದಲು ಎರಡು ವಿಷಯ ಹೇಳಿ. ಅಕ್ಕ ಎಷ್ಟು ಸಲ ಗರ್ಭಿಣಿಯಾಗಿದ್ದರು? ರಕ್ತ ಎಷ್ಟು ಸಲ ಹಾಕಿಸಿದ್ದೀರಿ?

ಸೋಮವಾರಪೇಟೆ: ಬ್ಲಡ್ ಗ್ರೂಪ್ ಒಂದೇ ಆದರೆ ಸಾಕು ಅಂತ ಕೇಳಿದ್ದೆ. ಸಾಲದಾ?

ಡಾಕ್ಟರ್: ಸಾಲದು. ಬರೆಯುತ್ತಿದ್ದೇನೆ, ಸ್ವಲ್ಪ ತಾಳಿ.

ನಾಪೋಕ್ಲು: ಮೂರು ಮಕ್ಕಳು. ಅದಕ್ಕೂ ಮೊದಲು ಒಂದು ನಿಲ್ಲಲಿಲ್ಲ. ಹೋದ ವರ್ಷ ನಾಲ್ಕು ಬಾಟಲ್ ರಕ್ತ ಹಾಕಿದರು.

ಡಾಕ್ಟರ್: ಹಾಗೇ ಇರಬಹುದು ಅಂದುಕೊಂಡಿದ್ದೆ. ನಿಧಾನವಾಗಿ ಓದಿ.

ಬ್ಲಡ್ ಗ್ರೂಪ್ ಅನ್ನುವುದು ಮುಖ್ಯವಾಗಿ ಕೆಂಪು ರಕ್ತಕಣದ ಮಾತು. ಎಚ್‌ಎಲ್‌ಎ ಬೇರೆ. ಕೆಂಪು ಕಣ ಬಿಟ್ಟರೆ ದೇಹದ ಹೆಚ್ಚುಕಮ್ಮಿ ಎಲ್ಲ ಕೋಶಗಳ ಮೇಲೂ ಅದು ಇರುತ್ತದೆ, ಕಿಡ್ನಿಯಲ್ಲೂ. ಕೋಶ ತನ್ನೊಳಗಿನ ಪ್ರೋಟೀನಿನ ಚೂರನ್ನು ಅದರ ಮೇಲಿಟ್ಟು ಹೊರಗೆ ತೋರಿಸುತ್ತದೆ. ರೋಗದ ವಿರುದ್ಧ ಕಾವಲು ಕಾಯುವ ಟಿ-ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ) ಬಂದು ಮುಟ್ಟಿ ನೋಡುತ್ತವೆ. ವೈರಸ್ಸಿನ ಚೂರು ಕಂಡರೆ ಆ ಕೋಶವನ್ನು ಕೊಲ್ಲುತ್ತವೆ. ಬೇರೆಯವರ ಎಚ್‌ಎಲ್‌ಎ ಕಂಡರೂ ಮೇಲೆ ಬೀಳುತ್ತವೆ.

ಇದು ಒಕ್ಕದ (ಕೊಡವರ ಮನೆತನದ) ಹೆಸರಿನ ಹಾಗೆ ಅಪ್ಪನ ಕಡೆಯಿಂದ ಮಾತ್ರ ಬರುವುದಲ್ಲ. ಅರ್ಧ ಅಪ್ಪನದು, ಅರ್ಧ ಅಮ್ಮನದು. ಅಂದರೆ ಪ್ರತಿ ಬಸಿರಿನಲ್ಲೂ ಅಕ್ಕನ ದೇಹ ನಿಮ್ಮ ಎಚ್‌ಎಲ್‌ಎಯನ್ನು ನೋಡಿದೆ. ಅದರ ವಿರುದ್ಧ ಆ್ಯಂಟಿಬಾಡಿ ಮಾಡಿಟ್ಟುಕೊಂಡಿರಬಹುದು. ಮಗುವಿಗೆ ಅದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಈಗ ನಿಮ್ಮ ಕಿಡ್ನಿ ಇಟ್ಟರೆ ಆ ಹಳೆಯ ನೆನಪು ಎದ್ದು ಬರುತ್ತದೆ. ಹಾಕಿಸಿದ ರಕ್ತದಲ್ಲಿದ್ದ ಬಿಳಿ ಕಣಗಳಿಂದಲೂ ಇಂಥ ಆ್ಯಂಟಿಬಾಡಿ ಹುಟ್ಟುತ್ತವೆ.

ಕ್ರಾಸ್‌ಮ್ಯಾಚ್‌ನಲ್ಲಿ ನಿಮ್ಮ ಬಿಳಿ ಕಣಕ್ಕೆ ಅಕ್ಕನ ಸೀರಮ್ (ಆ್ಯಂಟಿಬಾಡಿ ಇರುವ ರಕ್ತದ ತಿಳಿ) ಬೆರೆಸಿ ನೋಡುತ್ತಾರೆ. ಪಾಸಿಟಿವ್ ಅಂದರೆ ಜಗಳ ಇದೆ ಅಂತ ಅರ್ಥ. 1969ರಲ್ಲಿ ಪಟೇಲ್ ಮತ್ತು ತೆರಸಾಕಿ ಅನ್ನುವ ಸಂಶೋಧಕರು ಲೆಕ್ಕ ಕೊಟ್ಟರು. ಕ್ರಾಸ್‌ಮ್ಯಾಚ್ ಪಾಸಿಟಿವ್ ಇದ್ದೂ ಕಸಿ ಮಾಡಿದ 30 ಕಿಡ್ನಿಗಳಲ್ಲಿ 24 ಕೂಡಲೇ ಕೆಟ್ಟವು. ನೆಗೆಟಿವ್ ಇದ್ದ 195ರಲ್ಲಿ ಕೆಟ್ಟದ್ದು 8. ನಿಮಗೆ ಬೇಡ ಅಂದವರು ಅಕ್ಕನನ್ನು ಉಳಿಸಿದ್ದಾರೆ.

ಮಗನ ಮೈಯಲ್ಲೂ ನಿಮ್ಮ ಅರ್ಧ ಇದೆ, ಹಾಗಾಗಿ ಅವನಿಗೂ ಪಾಸಿಟಿವ್ ಬರಬಹುದು. ಟೆಸ್ಟ್ ಮಾಡಿಸದೆ ಹುಡುಗನಲ್ಲಿ ಆಸೆ ಹುಟ್ಟಿಸಬೇಡಿ. ಅಕ್ಕನ ಅಣ್ಣ, ತಮ್ಮ, ತಂಗಿಯರನ್ನು ಮೊದಲು ನೋಡಿ. ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದುವುದು ನಾಲ್ಕರಲ್ಲಿ ಎರಡು. ಯಾರೂ ಆಗದಿದ್ದರೆ ಇನ್ನೊಂದು ಕುಟುಂಬದ ಜೊತೆ ಅದಲು ಬದಲು ಮಾಡಲು ಕಾನೂನು ಬಿಡುತ್ತದೆ. ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸುವುದನ್ನು ಇವತ್ತೇ ಕೇಳಿ. ಇನ್ನು ಮೇಲೆ ಯಾರಾದರೂ ರಕ್ತ ಹಾಕೋಣ ಅಂದರೆ, ಕಸಿಗೆ ಕಾಯುತ್ತಿದ್ದೇವೆ ಅಂತ ಬಾಯಿಬಿಟ್ಟು ಹೇಳಿ.

ಪೊನ್ನಂಪೇಟೆ: ಫಾರ್ವರ್ಡ್: ‘ಅಮೃತಬಳ್ಳಿ, ಈಶ್ವರಿ ಬೇರಿನ ಕಷಾಯ 21 ದಿನ ಕುಡಿದರೆ ಇಮ್ಯೂನಿಟಿ ಹೆಚ್ಚಿ ಕಿಡ್ನಿ ತಾನೇ ಸರಿಯಾಗುತ್ತದೆ. ಎಲ್ಲರಿಗೂ ಕಳಿಸಿ.’

ಡಾಕ್ಟರ್: ಯಾರಿಗೂ ಕಳಿಸಬೇಡಿ. ಈಶ್ವರಿ ಬೇರಿನಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇದೆ. ಅದು ಚೆನ್ನಾಗಿರುವ ಕಿಡ್ನಿಯನ್ನೇ ಕೊಲ್ಲುತ್ತದೆ, ಮೂತ್ರನಾಳದ ಕ್ಯಾನ್ಸರನ್ನೂ ತರುತ್ತದೆ. ಅಮೃತಬಳ್ಳಿ ಕುಡಿದವರಿಗೆ ಲಿವರ್ ಉರಿಯೂತ ಬಂದದ್ದನ್ನು ಮುಂಬೈ ವೈದ್ಯರು 2021ರಲ್ಲಿ ಬರೆದಿದ್ದಾರೆ. ಇನ್ನು ಕಸಿಯಾದವರು ದಿನಾ ಮಾತ್ರೆ ನುಂಗುವುದೇ ಇಮ್ಯೂನಿಟಿ ತಗ್ಗಿಸಲು. ಅವರಿಗೆ ಅದನ್ನು ಹೆಚ್ಚಿಸಿ ಅನ್ನುತ್ತೀರಲ್ಲ!

ಕುಶಾಲನಗರ: ನನಗೆ ಕಸಿಯಾಗಿ ಮೂರು ವರ್ಷ. ಇಮ್ಯೂನಿಟಿ ತಗ್ಗಿಸುವ ಟ್ಯಾಕ್ರೊಲಿಮಸ್ ಮಾತ್ರೆ ನಡೆಯುತ್ತಿದೆ. ನಮ್ಮ ಕಕ್ಕಡ ತಿಂಗಳ 18ನೇ ದಿನ ಮದ್ದುಸೊಪ್ಪಿನ ಪಾಯಸ ಕುಡಿಯಬಹುದಾ? ಚಕ್ಕೋತ ಹಣ್ಣು?

ಡಾಕ್ಟರ್: ಚಕ್ಕೋತ ಬೇಡ, ರಕ್ತದಲ್ಲಿ ಮಾತ್ರೆಯ ಮಟ್ಟ ಏರಿಸುತ್ತದೆ. ಮದ್ದುಸೊಪ್ಪು ತಿಂದರೆ ಮೂತ್ರ ಕೆಂಪಾಗುತ್ತದೆ, ನಮಗೆಲ್ಲ ಗೊತ್ತಲ್ವಾ? ನಿಜವಾಗಿ ರಕ್ತ ಹೋದರೂ ನಿಮಗೆ ಗೊತ್ತಾಗುವುದಿಲ್ಲ. ನೀವು ಬಿಟ್ಟುಬಿಡಿ.

ಪೊನ್ನಂಪೇಟೆ: ಹದಿನೆಂಟು ಔಷಧಿ ಸೇರಿದ ಸೊಪ್ಪು ಅದು. ನಮ್ಮಜ್ಜಿ 92 ವರ್ಷ ಬದುಕಿದರು. ಓದಿದವರಿಗೆ ನಮ್ಮ ಪದ್ಧತಿ ಬೇಡವಾಗಿದೆ.

ಚೆಟ್ಟಳ್ಳಿ: ನಿಮ್ಮಜ್ಜಿ ಹೊಟ್ಟೆಯಲ್ಲಿ ಬೇರೆಯವರ ಕಿಡ್ನಿ ಇತ್ತಾ? ಅವರು ಕೇಳಿದ್ದು ಕಸಿಯಾದವರಿಗೆ.

ಪೊನ್ನಂಪೇಟೆ: ಅಜ್ಜಿ ವಿಷಯಕ್ಕೆ ಬರಬೇಡಿ. ಕೊಡವರ ರಕ್ತವೇ ಬೇರೆ, ಒಂದೇ ಒಕ್ಕದವರಾದರೆ ಟೆಸ್ಟೇ ಬೇಡ.

ಚೆಟ್ಟಳ್ಳಿ: ಸುಮ್ನೆ ಏನೇನೋ ಬರೆಯಬೇಡಿ. ಮೇಡಂ ಈಗಷ್ಟೇ ಹೇಳಿದರು, ಓದಿದ್ರಾ?

ವಿರಾಜಪೇಟೆ: ಮೇಡಂ, ಮಗನಿಗೆ 24. ಬೆನ್ನುನೋವು. ಎಚ್‌ಎಲ್‌ಎ ಬಿ27 ಪಾಸಿಟಿವ್. ಬೆನ್ನುಮೂಳೆ ಬೆಸೆದುಕೊಳ್ಳುತ್ತದೆ ಅಂತ ಗೂಗಲ್ ಹೇಳುತ್ತದೆ.

ಡಾಕ್ಟರ್: ಬಿ27 ಅನ್ನುವುದು ಎಚ್‌ಎಲ್‌ಎಯ ಒಂದು ಬಗೆ. ಅದು ಇರುವ ಹೆಚ್ಚಿನವರಿಗೆ ಬೆನ್ನುಮೂಳೆ ಬೆಸೆಯುವ ಆ ಕಾಯಿಲೆ ಬರುವುದೇ ಇಲ್ಲ. ಬೆಳಿಗ್ಗೆ ಅರ್ಧ ಗಂಟೆಗಿಂತ ಜಾಸ್ತಿ ಬಿಗಿತ ಇದ್ದು, ಓಡಾಡಿದ ಮೇಲೆ ಕಮ್ಮಿಯಾಗುತ್ತದಾ? ಹಾಗಿದ್ದರೆ ಸಂಧಿವಾತದ ತಜ್ಞರಿಗೆ ತೋರಿಸಿ.

ಸಿದ್ದಾಪುರ: ಗಂಡ ಹೆಂಡತಿ ಬ್ಲಡ್ ಗ್ರೂಪ್ ಒಂದೇ ಇದ್ದರೆ ಕಿಡ್ನಿ ಕೊಡಬಹುದಲ್ವಾ?

ಡಾಕ್ಟರ್: ಮೇಲೆ ಓದಿ.

ಗೋಣಿಕೊಪ್ಪ: ಪಿಯುಸಿ ವಿದ್ಯಾರ್ಥಿನಿ ಮೇಡಂ. ಎಲ್ಲರಿಗೂ ಒಂದೇ ಎಚ್‌ಎಲ್‌ಎ ಇದ್ದಿದ್ದರೆ ಒಳ್ಳೆಯದಿತ್ತಲ್ವಾ?

ಡಾಕ್ಟರ್: ಒಳ್ಳೆಯ ಪ್ರಶ್ನೆ ಮಗಳೇ. ಕಸಿಗೆ ಸುಲಭವಾಗುತ್ತಿತ್ತು. ಆದರೆ ಒಂದು ಬಗೆಯ ಎಚ್‌ಎಲ್‌ಎ ಕೆಲವು ಚೂರುಗಳನ್ನಷ್ಟೇ ಹಿಡಿಯುತ್ತದೆ. ಅದು ಹಿಡಿಯಲಾಗದ ವೈರಸ್ ಬಂದರೆ ಇಡೀ ಊರೇ ಮಲಗುತ್ತದೆ. ಈಗ ಕೆಲವರಾದರೂ ಎದ್ದು ನಿಲ್ಲುತ್ತಾರೆ. ಟಿ-ಕೋಶ ವೈರಸ್ಸನ್ನು ಗುರುತಿಸಲು ತನ್ನದೇ ದೇಹದ ಇಂಥ ಗುರುತೂ ಬೇಕು ಅಂತ 1974ರಲ್ಲಿ ಜಿಂಕರ್‌ನಾಗೆಲ್ ಮತ್ತು ಡೊಹರ್ಟಿ ಅನ್ನುವ ವಿಜ್ಞಾನಿಗಳು ಇಲಿಗಳಲ್ಲಿ ಕಂಡರು. 1996ರಲ್ಲಿ ಅದಕ್ಕೆ ನೊಬೆಲ್ ಬಂತು.

ಮೂರ್ನಾಡು: ಕಸಿಗೆ ಒಟ್ಟು ಖರ್ಚು ಎಷ್ಟಾಗುತ್ತದೆ ಮೇಡಂ?

ಪೊನ್ನಂಪೇಟೆ: ಫಾರ್ವರ್ಡ್: ‘ಬಾಳೆದಿಂಡಿನ ರಸ, ಡಯಾಲಿಸಿಸ್‌ಗೆ ವಿದಾಯ...’

ಡಾಕ್ಟರ್: ಡಯಾಲಿಸಿಸ್‌ನವರಿಗೆ ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲಬಹುದು. ಬಾಳೆದಿಂಡಿನಲ್ಲಿ ಅದೇ ತುಂಬಿದೆ. ಅಡ್ಮಿನ್, ಇದನ್ನು ಈಗಲೇ ಅಳಿಸಿ. ಇನ್ನೊಂದು ಬಂದರೆ ನಾನು ಇಲ್ಲಿ ಇರುವುದಿಲ್ಲ.

ಸೋಮವಾರಪೇಟೆ: ಮೇಡಂ, ಬ್ಲಡ್ ಗ್ರೂಪ್ ಬೇರೆ ಇದ್ದರೆ?

ನಾಪೋಕ್ಲು: ಮೇಡಂ, ಹೆಂಡತಿಯ ತಮ್ಮನಿಗೆ ಫೋನ್ ಮಾಡಿದೆ. ಭಾಗಮಂಡಲದಲ್ಲಿದ್ದಾನೆ. ಸೋಮವಾರ ಬರುತ್ತೇನೆ ಅಂದ.

ಡಾಕ್ಟರ್: ಬರಲಿ. ಅಕ್ಕನ ಹಳೆಯ ರಿಪೋರ್ಟ್‌ಗಳೆಲ್ಲ ಜೊತೆಗಿರಲಿ. ರಕ್ತ ಹಾಕಿಸಿದ ತಾರೀಕುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿಲ್ಲದ ಆ ಮೊದಲ ಬಸಿರನ್ನೂ ಹೇಳಿ, ಮುಚ್ಚಿಡಬೇಡಿ.