ಬೆಣ್ಣೆ ಕಮಟಾಗಿದ್ದರೂ ತಿಳಿಯುತ್ತಿಲ್ಲ: ಜ್ವರದ ನಂತರ ಹೋದ ವಾಸನೆಗೆ ಮೂಸುವ ಅಭ್ಯಾಸ

ಪ್ರಶ್ನೆ (ದಾವಣಗೆರೆ): ಡಾಕ್ಟ್ರೇ ನಮಸ್ಕಾರ. ನಮ್ಮದೊಂದು ಸಣ್ಣ ಬೆಣ್ಣೆದೋಸೆ ಹೋಟೆಲ್ ಐತ್ರಿ. ಸಂಕ್ರಾಂತಿ ಹೊತ್ತಿಗೆ ನೆಗಡಿ, ವೈರಲ್ ಜ್ವರ ಬಂದು ವಾರದಾಗೆ ವಾಸಿ ಆತು. ಆದ್ರೆ ವಾಸನೆ ಹೋಗಿದ್ದು ವಾಪಸ್ ಬರ್ಲಿಲ್ಲ, ಐದು ತಿಂಗಳಾತು. ಮೂಗು ಕಟ್ಟಿಲ್ಲ. ಉಪ್ಪು, ಹುಳಿ, ಖಾರ ತಿಳೀತೈತಿ, ಕಾಯಿ ಚಟ್ನಿಗೂ ಶೇಂಗಾ ಚಟ್ನಿಗೂ ವ್ಯತ್ಯಾಸ ತಿಳಿಯಲ್ಲ. ಮೊನ್ನೆ ಬೆಣ್ಣೆ ಕಮಟಾಗಿತ್ತಂತೆ, ಗಿರಾಕಿ ಹೇಳಿದ ಮೇಲೆ ಗೊತ್ತಾತು. ದಿನಾ ವಿಕ್ಸ್, ಅಮೃತಾಂಜನ ಮೂಸ್ತೀನಿ, ಅದೊಂದು ಮಾತ್ರ ತಟ್ಟತೈತಿ. ಮೂಸಿ ಮೂಸಿ ಅಭ್ಯಾಸ ಮಾಡಿದ್ರೆ ಸರಿ ಹೋಗತೈತಿ ಅಂತಾರಲ್ಲ, ನಿಜವಾ?

ಉತ್ತರ (ಕಿವಿ-ಮೂಗು-ಗಂಟಲು ವೈದ್ಯ): ನಮಸ್ಕಾರ ಯಜಮಾನ್ರೇ. ನಿಜ. ಆದರೆ ಮೊದಲು ವಿಕ್ಸ್ ಪಕ್ಕಕ್ಕಿಡಿ. ಅದು ತಟ್ಟುವುದು ಹೆಚ್ಚಾಗಿ ವಾಸನೆಯ ನರಕ್ಕಲ್ಲ. ಮುಖದ ಉರಿ, ತಂಪು, ಘಾಟನ್ನು ತಿಳಿಸುವ ಬೇರೆಯೇ ನರಕ್ಕೆ. ಒಗ್ಗರಣೆ ಘಾಟಿಗೆ ಸೀನು ಬಂದ ಮಾತ್ರಕ್ಕೆ ವಾಸನೆ ಉಳಿದಿದೆ ಎನ್ನುವಂತಿಲ್ಲ.

ಮೂಗಿನ ಮೇಲ್ಭಾಗದಲ್ಲಿ ಅಂಚೆಚೀಟಿಯಷ್ಟು ಜಾಗದಲ್ಲಿ ವಾಸನೆ ಹಿಡಿಯುವ ನರಕೋಶಗಳಿವೆ, ಅವನ್ನು ಸಾಕುವ ಆಸರೆ ಕೋಶಗಳೂ ಇವೆ. ಕೋವಿಡ್ ವೈರಸ್ ಮುಖ್ಯವಾಗಿ ಹಾಳುಮಾಡುವುದು ಈ ಆಸರೆ ಕೋಶಗಳನ್ನು. ಫ್ಲೂ, ಸಾಮಾನ್ಯ ನೆಗಡಿಯ ವೈರಸ್‌ಗಳಿಂದಲೂ ವಾಸನೆ ಹೋಗುವುದುಂಟು. ಸಮಾಧಾನದ ಸಂಗತಿ ಎಂದರೆ ಈ ನರಕೋಶಗಳು ದೊಡ್ಡವರಾದ ಮೇಲೂ ಹೊಸದಾಗಿ ಹುಟ್ಟುತ್ತವೆ. ಅವುಗಳಿಗೂ ಮಿದುಳಿಗೂ ದಿನಾ ಕೆಲಸ ಕೊಡುವುದೇ ಈ ಅಭ್ಯಾಸ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮೆಲ್ ಮತ್ತು ಜೊತೆಯವರು 2009ರಲ್ಲಿ ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಸಲ, 12 ವಾರ ಮೂಸಿಸಿದರು. ಮೂಸದೇ ಇದ್ದವರಿಗಿಂತ ಮೂಸಿದವರಲ್ಲಿ ಹೆಚ್ಚು ಜನ ಸುಧಾರಿಸಿದರು. ಎಲ್ಲರೂ ಅಲ್ಲ, ಅದನ್ನೂ ಹೇಳಿಬಿಡಬೇಕು.

ದುಡ್ಡು ಕೊಟ್ಟು ಕಿಟ್ ತರಿಸಬೇಡಿ. ಮುಚ್ಚಳ ಇರುವ ನಾಲ್ಕು ಚಿಕ್ಕ ಗಾಜಿನ ಬಾಟಲಿ ತಗೊಳ್ಳಿ, ಒಳಗೆ ಹತ್ತಿ ಇಟ್ಟು ನಾಲ್ಕೈದು ಹನಿ ಸುಗಂಧದೆಣ್ಣೆ ಹಾಕಿ. ಎಣ್ಣೆ ಸಿಗದಿದ್ದರೆ ಜಜ್ಜಿದ ಲವಂಗ, ಆಗತಾನೇ ತುರಿದ ನಿಂಬೆ ಸಿಪ್ಪೆ ಸಾಕು. ಬೆಳಿಗ್ಗೆ ತಿಂಡಿಗೆ ಮುಂಚೆ, ರಾತ್ರಿ ಮಲಗುವ ಮುಂಚೆ, ಒಂದೊಂದನ್ನೂ 15-20 ಸೆಕೆಂಡ್ ಮೆಲ್ಲಗೆ ಮೂಸಿ, ನಡುವೆ ಸ್ವಲ್ಪ ಬಿಡುವು ಕೊಡಿ. ಜೋರಾಗಿ ಎಳೆಯಬಾರದು. ಮೂಸುವಾಗ ಮನಸ್ಸೂ ಅಲ್ಲೇ ಇರಲಿ: ಲವಂಗ ಹಿಡಿದಾಗ ಪಲಾವಿನ ಪಾತ್ರೆ ತೆರೆದ ಗಳಿಗೆ ನೆನೆಸಿಕೊಳ್ಳಿ. ಮೊಬೈಲ್ ನೋಡುತ್ತಾ ಮೂಸಿದರೆ ಅರ್ಧ ಅಭ್ಯಾಸ ವ್ಯರ್ಥ. ಮೂರು ತಿಂಗಳಾದ ಮೇಲೆ ನಾಲ್ಕನ್ನೂ ಬದಲಾಯಿಸಿ, ಏಲಕ್ಕಿ, ಮಲ್ಲಿಗೆ, ಕಿತ್ತಳೆ, ಪುದೀನ ಹೀಗೆ. ಕಡಿಮೆಯೆಂದರೂ ಆರು ತಿಂಗಳು ಬಿಡದೆ ಮಾಡಬೇಕು.

ಅಷ್ಟರವರೆಗೆ ಬೆಣ್ಣೆ ಮೂಸುವ ಕೆಲಸ ಹೆಂಚಿನ ಮುಂದಿರುವ ಹುಡುಗನಿಗೆ ಕೊಡಿ, ಡಬ್ಬಿ ಮೇಲೆ ತಾರೀಖು ಬರೆಸಿ.

ಪ್ರಶ್ನೆ (ಚಿತ್ರದುರ್ಗ, ಶಿಕ್ಷಕಿ): ಸರ್, ನನಗೆ ಪೂರ್ತಿ ಹೋಗಿತ್ತು, ಈಗ ಬಂದಿದೆ, ಆದರೆ ತಿರುಚಿಕೊಂಡು. ಕಾಫಿ, ಈರುಳ್ಳಿ ಒಗ್ಗರಣೆ, ಮೊಟ್ಟೆ ಎಲ್ಲಾ ರಬ್ಬರ್ ಸುಟ್ಟ ಹಾಗೆ, ಮೋರಿ ಹಾಗೆ. ಅತ್ತೆ ಒಗ್ಗರಣೆ ಹಾಕಿದರೆ ಮನೆಯಿಂದ ಆಚೆ ಬಂದು ನಿಲ್ಲುತ್ತೇನೆ. ಅಭ್ಯಾಸ ನಿಲ್ಲಿಸಲಾ?

ಉತ್ತರ: ನಿಲ್ಲಿಸಬೇಡಿ ಮೇಡಂ. ಏನೂ ಬಾರದೆ ಇದ್ದವರಿಗೆ ಹೀಗೆ ತಪ್ಪು ವಾಸನೆ ಶುರುವಾಗುವುದು ಎಷ್ಟೋ ಸಲ ನರ ಮತ್ತೆ ಬೆಳೆಯುತ್ತಿರುವ ಸೂಚನೆ. ಹುರಿದ ಪದಾರ್ಥ, ಕಾಫಿ, ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕ ಬೆರೆತ ಕಣಗಳೇ ಹೆಚ್ಚಾಗಿ ಕಾಡುವುದು. ಬಿಸಿ ಅಡುಗೆಯಿಂದ ವಾಸನೆ ಜಾಸ್ತಿ ಏಳುತ್ತದೆ, ಆದ್ದರಿಂದ ಆರಿದ್ದನ್ನು ಉಣ್ಣಿ. ಮೊಸರನ್ನ, ಹಣ್ಣು, ಮಂಡಕ್ಕಿ ಹಲವರಿಗೆ ಒಗ್ಗುತ್ತದೆ. ಅತ್ತೆಗೆ ಈ ಉತ್ತರವನ್ನೇ ತೋರಿಸಿ, ನಖರಾ ಅಲ್ಲ ಎಂದು ಅವರಿಗೂ ತಿಳಿಯಲಿ. ಊಟ ಸೇರದೆ ತೂಕ ಇಳಿಯುತ್ತಿದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಿ.

ಪ್ರಶ್ನೆ (ಹರಿಹರ): ಅಣ್ಣಾ, ಮೆಡಿಕಲ್ ಸ್ಟೋರಿನವರು ಸ್ಟೀರಾಯ್ಡ್ ಮಾತ್ರೆ ಕೊಟ್ರು. ನಮ್ಮವ್ವಗೆ ಶುಗರ್ ಐತಿ. ಆಕೆಗೆ ಜ್ವರ ನೆಗಡಿ ಏನೂ ಬಂದಿರ್ಲಿಲ್ಲ, ಸುಮ್ನೆ ವಾಸನೆ ಹೋಗೈತಿ.

ಉತ್ತರ: ಕೊಡಬೇಡ ತಮ್ಮಾ. ಸ್ಟೀರಾಯ್ಡಿಗೆ ಶುಗರ್ ಏರುತ್ತದೆ. ಅದಕ್ಕಿಂತ ಮುಖ್ಯವಾದ ಮಾತು, ಜ್ವರವೇ ಬಾರದೆ ವಾಸನೆ ಹೋದರೆ ಅಭ್ಯಾಸ ನೆಚ್ಚಿ ಕೂರುವಂತಿಲ್ಲ. ಮೂಗಿನೊಳಗೆ ಪಾಲಿಪ್ (ಒಳಪದರದಲ್ಲಿ ಬೆಳೆಯುವ ಮೆತ್ತನೆಯ ಗಂಟು) ಇರಬಹುದು, ತಲೆಗೆ ಪೆಟ್ಟು ಬಿದ್ದಿರಬಹುದು, ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುವ ಎಷ್ಟೋ ಮುಂಚೆಯೇ ವಾಸನೆ ಕುಂದುವುದುಂಟು. ಹೆದರಿಸಲು ಹೇಳುತ್ತಿಲ್ಲ, ಇದೇ ವಾರ ದೂರ್ಬೀನು (ಎಂಡೋಸ್ಕೋಪ್) ಹಾಕಿ ಮೂಗು ಪರೀಕ್ಷೆ ಮಾಡಿಸು. ಒಂದೇ ಹೊಳ್ಳೆ ಕಟ್ಟುವುದು, ರಕ್ತ ಬರುವುದು ಇದ್ದರೆ ಇವತ್ತೇ ಕರೆದುಕೊಂಡು ಹೋಗು.

ಹೋಟೆಲ್ ಯಜಮಾನ: ಡಾಕ್ಟ್ರೇ, ಊದಿನಕಡ್ಡಿ ಹಚ್ಚಿ ಮೂಸಿದ್ರೆ ಆಗಲ್ವಾ? ಅಂಗಡ್ಯಾಗೆ ದಿನಾ ಹಚ್ತೀವಿ.

ಉತ್ತರ: ಹೊಗೆ ಬೇಡ, ಒಳಪದರ ಕೆರಳುತ್ತದೆ. ಬೀಡಿ, ಸಿಗರೇಟಿಗೂ ಇದೇ ಮಾತು. ಇನ್ನೊಂದು, ಸಿಲಿಂಡರ್ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ತಿಳಿಯಲೆಂದೇ ಮರ್‌ಕ್ಯಾಪ್ಟನ್ ಎಂಬ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ನಿಮಗೆ ಅದೂ ತಿಳಿಯುವುದಿಲ್ಲ. ಗ್ಯಾಸ್ ಅಲಾರಂ ಹಾಕಿಸಿ, ಈ ಗ್ಯಾಸ್ ಗಾಳಿಗಿಂತ ಭಾರ, ಆದ್ದರಿಂದ ನೆಲದ ಹತ್ತಿರವೇ ಕೂರಿಸಬೇಕು. ರಾತ್ರಿ ಬಾಗಿಲು ಹಾಕುವಾಗ ರೆಗ್ಯುಲೇಟರ್ ನೀವೇ ಕೈಯಾರೆ ಆಫ್ ಮಾಡಿ.